ಕಾಗದದ ಬಿಳಿ

ಪ್ರೀತಿಯ ತಂಗಿ,

ನಿನ್ನ ಹಸ್ತಪ್ರತಿ ಓದಿದೆ. ಅಪ್ಪನ ಜೊತೆ ಮಾತು ಬಿಟ್ಟ ಹುಡುಗಿ ನ್ಯೂಯಾರ್ಕಿನ ಮಾರ್ಗನ್ ಲೈಬ್ರರಿಯಲ್ಲಿ ಇಂಗ್ಲಿಷ್ ಚಿತ್ರಕಾರ ಟರ್ನರನ ‘ಫೈಡೊ ಕಣಿವೆ’ ಚಿತ್ರದ ಮುಂದೆ ನಿಲ್ಲುವ ಅಧ್ಯಾಯ ಮನಸ್ಸು ಕಲಕಿತು. ಕಾಗುಣಿತ, ಪ್ರಕಾಶಕರ ಚಿಂತೆ ಆಮೇಲಿರಲಿ.

‘ಬಿಳಿ ಬಣ್ಣ ಬಳಿದ ರುದ್ರರಮಣೀಯ ನೊರೆ’ ಎಂದಿದ್ದೀಯಲ್ಲ, ಅದನ್ನು ನೋಡಿ ಬರೆದೆಯಾ? 1843ರ ಆ ಜಲವರ್ಣದಲ್ಲಿ ಸ್ವಿಟ್ಜರ್ಲೆಂಡಿನ ಟಿಚಿನೊ ನದಿಯ ಬೆಳಕು ಬಹುಮಟ್ಟಿಗೆ ಕಾಗದದ್ದೇ. ಮೊದಲು ತೆಳು ಪೆನ್ಸಿಲ್ ಗೆರೆ, ಆಮೇಲೆ ತಿಳಿ ಬಣ್ಣದಿಂದ ಗಾಢಕ್ಕೆ ಪದರ ಪದರವಾಗಿ ಕೆಲಸ. ಬೆಳಕು ಬೇಕಾದ ಕಡೆ ಕಾಗದವನ್ನು ಮುಟ್ಟುವುದಿಲ್ಲ. ಅರೆಬರೆ ಒಣಗಿದ ಪದರಕ್ಕೆ ನೀರು ಹೆಚ್ಚಾದ ಕುಂಚ ತಾಗಿದರೆ ಬಣ್ಣ ಸರಿದು ಹೂಕೋಸಿನಂಥ ಅಂಚು ಕಟ್ಟುತ್ತದೆ. ಪೂರ್ತಿ ಒಣಗಿದ ಮೇಲೆ ಚೂಪು ಮೊನೆಯಿಂದ ಕೆರೆದು ನೀರಿನ ಮಿಂಚು ತೆಗೆಯುತ್ತಾರೆ. ಒದ್ದೆಯಲ್ಲಿ ಕೆರೆದರೆ ನಾರು ಕಿತ್ತು ಬರುತ್ತದೆ. ಕೆರೆದಲ್ಲಿ ಕಾಗದದ ಜೆಲಟಿನ್ ಲೇಪ ಹೋಗಿರುವುದರಿಂದ ಮತ್ತೆ ಹಚ್ಚಿದ ಬಣ್ಣ ಒಳಗಿಳಿದು ಕಲೆಯಾಗುತ್ತದೆ. ಅಪ್ಪನಿಗೆ ಆಡಿದ ಮಾತನ್ನು ಹಿಂದಕ್ಕೆ ಪಡೆಯಲಾಗದ ನಿನ್ನ ಹುಡುಗಿಯ ಕಣ್ಣಿಗೆ ಬೀಳಬೇಕಾದದ್ದು ಆ ಕೆರೆದ ಗೆರೆ ಕಣೇ! ನೀನು ಅವಳಿಗೆ ವಿಶೇಷಣಗಳನ್ನು ಕೊಟ್ಟು ಕೂರಿಸಿದ್ದೀಯ.

ಕಲಾವಿದನಿಗೆ ಸ್ವಾತಂತ್ರ್ಯವಿದೆ ಎಂದು ವಾದಿಸುತ್ತೀ, ಗೊತ್ತು. ಖಂಡಿತ ಇದೆ. ಈ ಚಿತ್ರ ಬರೆಸಿದ ಕಲಾವಿಮರ್ಶಕ ರಸ್ಕಿನ್ 1845ರಲ್ಲಿ ಆ ಜಾಗಕ್ಕೇ ಹೋಗಿ ನೋಡಿದ; ಬೆಟ್ಟಗಳು ಚಿತ್ರದಲ್ಲಿದ್ದಷ್ಟು ಎತ್ತರವಿರಲಿಲ್ಲ. ಆಲ್ಪ್ಸ್ ದಾಟುವ ಸೇಂಟ್ ಗೋಥಾರ್ಡ್ ಘಾಟಿಯ ಕಡೆಯಿಂದ ಇಕ್ಕಟ್ಟಾದ ಕೊರಕಲು ದಾಟಿ ಬಂದವನ ಎದೆಯಲ್ಲಿ ಉಳಿದ ಭಯವನ್ನು ಟರ್ನರ್ ಇಲ್ಲಿ ಬಿಡಿಸಿದ್ದಾನೆ ಎಂದು ಅವನೇ ವಿವರಿಸಿದ. ಟರ್ನರ್ ಆ ದಾರಿಯಲ್ಲಿ ಹೋಗಿದ್ದ, ಸ್ಥಳದಲ್ಲೇ ಗುರುತು ಹಾಕಿಕೊಂಡಿದ್ದ. ನೀನು ಮಾತ್ರ ಒಂದೂವರೆ ಅಡಿ ಅಗಲದ ಚಿತ್ರವನ್ನು ಗೋಡೆ ತುಂಬ ಹಬ್ಬಿಸಿದ್ದೀಯ. ಅಷ್ಟು ಚಿಕ್ಕದಾದ್ದರಿಂದಲೇ ಹುಡುಗಿ ಬಗ್ಗಿ ನೋಡಬೇಕು. ಬಗ್ಗಿದರೆ ದಾರಿಯ ಪುಟ್ಟ ಕುದುರೆಗಾಡಿ ಕಾಣುತ್ತದೆ.

ಗೆಳೆಯರು ‘ಕಾವ್ಯಮಯ’ ಎಂದರಂತೆ. ಆ ಹೊಗಳಿಕೆಯ ಮೇಲೆ ನನಗೆ ಹಳೆಯ ಸಿಟ್ಟಿದೆ. ಸರಿಯಾಗಿ ನೋಡದ ಬರಹಕ್ಕೆ ನಮ್ಮ ವಿಮರ್ಶಕರು ಎಷ್ಟು ಸಲ ಆ ಶಾಲು ಹೊದಿಸಿದ್ದಾರೆ! ಒಳ್ಳೆಯ ಕೈಗಳೆಷ್ಟೋ ಅದರಿಂದಲೇ ಸೋಮಾರಿಯಾದವು. ನಿನ್ನ ಕೈ ಹಾಗಾಗುವುದು ನನಗೆ ಬೇಡ.

ಇಡೀ ಕಾದಂಬರಿ ತಿದ್ದಬೇಡ. ಆ ಒಂದು ಪುಟವನ್ನು, ಹುಡುಗಿ ಬಗ್ಗುವಲ್ಲಿಂದ, ಹೊಸದಾಗಿ ಬರೆದು ಕಳಿಸು.