ಕ್ಲಿನಿಕ್ ಬೋರ್ಡ್ ಬರೆಸುವ ಮುಂಚೆ

ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು "ಮಾವ, ನನ್ನ ಹಲ್ಲಿನ ಕ್ಲಿನಿಕ್ಕನ್ನು ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿಬಿಟ್ಟರೆ ಪೇಷಂಟ್ ಕೇಸ್ ಹಾಕಿದರೂ ನನ್ನ ಮೈಮೇಲೆ ಬರಲ್ಲ ಅಲ್ವಾ" ಅಂತ ಕೇಳಿದೆ. ಅಷ್ಟರಲ್ಲಿ ನಿನ್ನ ಅಮ್ಮ ಫೋನ್ ಇಸ್ಕೊಂಡು ಗೃಹಪ್ರವೇಶದ ಮಾತು ತೆಗೆದಳು, ನನ್ನ ಉತ್ತರ ಬಾಯಲ್ಲೇ ಉಳಿಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಬರುತ್ತೆ ಪುಟ್ಟಿ. ದುಡ್ಡು ತೆಗೆದುಕೊಂಡು ಕೊಡುವ ವೈದ್ಯಸೇವೆ ಗ್ರಾಹಕರ ಕಾನೂನಿನ ಒಳಗೇ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ, ಹಲ್ಲಿನ ಡಾಕ್ಟರಿಗೂ ಅದೇ. ಕೀಳಬೇಕಾದ ಹಲ್ಲು ಬಿಟ್ಟು ಪಕ್ಕದ್ದನ್ನು ಕಿತ್ತರೆ, ರೂಟ್ ಕೆನಾಲ್ ಮಾಡುವಾಗ ಫೈಲ್ ಅನ್ನುವ ಸಣ್ಣ ಸೂಜಿ ಮುರಿದು ಒಳಗೇ ಉಳಿದದ್ದನ್ನು ಹೇಳದೆ ಕಳಿಸಿದರೆ, ಬೋರ್ಡಿನಲ್ಲಿ ಏನೇ ಬರೆಸಿರು, ಕೇಳುವುದು ನಿನ್ನನ್ನೇ. ರಿಜಿಸ್ಟರಿನಲ್ಲಿ ದಂತವೈದ್ಯೆ ಅಂತ ಇರುವುದು ನಿನ್ನ ಹೆಸರು. ಎಲ್‌ಎಲ್‌ಪಿ, ಅಂದರೆ ಹೊಣೆಗೆ ಮಿತಿ ಇರುವ ಪಾಲುದಾರಿಕೆ, ಮಾಡಿದರೂ 2008ರ ಕಾಯ್ದೆ ಜೊತೆಯವರ ತಪ್ಪಿನ ಹೊರೆಯಿಂದ ನಿನ್ನನ್ನು ಕಾಪಾಡುತ್ತದೆ, ನಿನ್ನ ಕೈಯಿಂದ ಆದ ತಪ್ಪಿಗೆ ನೀನೇ ಹೊಣೆ. ಆ ಭಯಕ್ಕೆ ಔಷಧಿ ಪ್ರೊಫೆಷನಲ್ ಇಂಡೆಮ್ನಿಟಿ ಇನ್ಶೂರೆನ್ಸ್, ಅಂದರೆ ಕೆಲಸದಲ್ಲಾದ ತಪ್ಪಿಗೆ ಕೊಡಬೇಕಾದ ಪರಿಹಾರಕ್ಕೆ ವಿಮೆ, ಮತ್ತೆ ಅವತ್ತಿನದು ಅವತ್ತೇ ಬರೆದಿಟ್ಟ ಕೇಸ್ ಪೇಪರ್. ಮೊದಲ ಪೇಷಂಟ್ ಕುರ್ಚಿ ಮೇಲೆ ಕೂರುವ ಮುಂಚೆ ಪಾಲಿಸಿ ಕೈಯಲ್ಲಿರಲಿ.

ಸಾಲದ ವಿಷಯಕ್ಕೆ ಬಂದರೆ, ಕಂಪನಿಯ ಸಾಲ ಕಂಪನಿಗೇ ಅನ್ನುವುದು ಪುಸ್ತಕದಲ್ಲಿ ನಿಜ. ಆದರೆ ಡೆಂಟಲ್ ಚೇರಿಗೆ, ಎಕ್ಸ್‌ರೇ ಮೆಷಿನ್ನಿಗೆ ಸಾಲ ಕೊಡುವ ಬ್ಯಾಂಕಿನವರು ಡೈರೆಕ್ಟರುಗಳ ಕೈಯಲ್ಲಿ ಪರ್ಸನಲ್ ಗ್ಯಾರಂಟಿಗೆ, ಅಂದರೆ ಕಂಪನಿ ಕಟ್ಟದಿದ್ದರೆ ನಾನೇ ಕಟ್ಟುತ್ತೇನೆ ಅನ್ನುವುದಕ್ಕೆ, ಸಹಿ ಹಾಕಿಸಿಕೊಳ್ಳುತ್ತಾರೆ. ಅಲ್ಲಿಗೆ ಆ ರಕ್ಷಣೆಯೂ ಮುಗಿಯಿತು. ಖರ್ಚು ಮಾತ್ರ ಉಳಿಯುತ್ತದೆ. ಕಂಪನಿ ಅಂದಮೇಲೆ ಒಬ್ಬ ಪೇಷಂಟ್ ಬರದಿದ್ದರೂ ವರ್ಷ ವರ್ಷ ಆಡಿಟ್ ಆಗಬೇಕು. ಎಲ್‌ಎಲ್‌ಪಿಗೂ ಮೇ 30ರ ಒಳಗೆ ವಾರ್ಷಿಕ ವಿವರದ ಫಾರ್ಮ್ 11, ಅಕ್ಟೋಬರ್ 30ರ ಒಳಗೆ ಲೆಕ್ಕಪತ್ರದ ಫಾರ್ಮ್ 8 ಹಾಕಲೇಬೇಕು, ಮರೆತರೆ ದಂಡ.

ತೆರಿಗೆಯಲ್ಲಿ ಒಬ್ಬಂಟಿ ಡಾಕ್ಟರಿಗೆ ಒಂದು ಒಳ್ಳೆಯ ಅನುಕೂಲ ಇದೆ, ನಾವು ಆಡಿಟರುಗಳು 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ ನಂಬರಿನಿಂದ 44ಎಡಿಎ ಅಂತ ಕರೆದುಕೊಂಡು ಬಂದದ್ದು. ವರ್ಷದ ವಸೂಲಿ 50 ಲಕ್ಷದ ಒಳಗಿದ್ದರೆ, ನಗದು ಶೇ 5 ಮೀರದಿದ್ದರೆ 75 ಲಕ್ಷದ ತನಕ, ಅರ್ಧವನ್ನು ಆದಾಯ ಅಂತ ತೋರಿಸಿ ತೆರಿಗೆ ಕಟ್ಟಬಹುದು, ಲೆಕ್ಕದ ಪುಸ್ತಕದ ತಲೆನೋವಿಲ್ಲ. ಸಾದಾ ಪಾಲುದಾರಿಕೆಗೂ ಇದು ಸಿಗುತ್ತದೆ, ಎಲ್‌ಎಲ್‌ಪಿಗೆ, ಕಂಪನಿಗೆ ಇಲ್ಲ. ಆದರೆ ಹಲ್ಲಿನ ಕ್ಲಿನಿಕ್ಕಿನ ಕಥೆ ಬೇರೆ, ಲ್ಯಾಬ್ ಬಿಲ್, ಇಂಪ್ಲಾಂಟ್, ಅಸಿಸ್ಟೆಂಟ್ ಸಂಬಳ, ಬಾಡಿಗೆ ಎಲ್ಲ ಸೇರಿ ಖರ್ಚು ಅರ್ಧ ದಾಟಿಬಿಡಬಹುದು. ಹಾಗಾದ ವರ್ಷ ಸರಿಯಾಗಿ ಲೆಕ್ಕ ಬರೆದು, ಆಡಿಟ್ ಮಾಡಿಸಿ, ನಿಜವಾದ ಆದಾಯವನ್ನೇ ತೋರಿಸಬೇಕಾಗುತ್ತದೆ. ಆದ್ದರಿಂದ ಮೊದಲ ದಿನದಿಂದಲೇ ಬಿಲ್ ಎತ್ತಿಡು.

ಈಗ ನನ್ನ ಮನಸ್ಸಿನಲ್ಲಿರುವ ನಿಜವಾದ ಚಿಂತೆ. ಕ್ಲಿನಿಕ್ಕಿಗೆ ಜೊತೆ ಸೇರಿಸಿಕೊಳ್ಳಬೇಕು ಅಂತಿರುವ ನಿನ್ನ ಇಬ್ಬರು ಕ್ಲಾಸ್‌ಮೇಟುಗಳು.

ಸಾದಾ ಪಾಲುದಾರಿಕೆಯಲ್ಲಿ, 1932ರ ಕಾಯ್ದೆ ಪ್ರಕಾರ, ಫರ್ಮಿನ ಹೆಸರಲ್ಲಿ ಒಬ್ಬರು ಮಾಡಿದ ಸಾಲಕ್ಕೆ ಮೂವರೂ ಹೊಣೆ, ಸಾಲ ಕೊಟ್ಟವನು ಪೂರ್ತಿ ಹಣವನ್ನು ನಿನ್ನೊಬ್ಬಳಿಂದಲೇ ಕೇಳಬಹುದು. ನೀವು ಮೂವರೂ ಒಳ್ಳೆಯವರೇ, ನನಗೆ ಗೊತ್ತು. ನಾನೂ ನನ್ನ ಗೆಳೆಯನೂ ಒಳ್ಳೆಯವರೇ ಆಗಿದ್ದೆವು. ದಾವಣಗೆರೆಯಲ್ಲಿ ಆಫೀಸ್ ಶುರು ಮಾಡಿದಾಗ ಸ್ಟಾಂಪ್ ಪೇಪರಿನ ಮೇಲೆ ಲಾಭ ಅರ್ಧ ಅರ್ಧ ಅಂತ ಬರೆದು ಸಹಿ ಹಾಕಿದೆವು, ಅಷ್ಟೇ. ಹನ್ನೊಂದನೇ ವರ್ಷ ಅವನು ಹಾರ್ಟ್ ಅಟ್ಯಾಕ್ ಆಗಿ ಹೋಗಿಬಿಟ್ಟ. ಇಬ್ಬರೇ ಇದ್ದ ಫರ್ಮ್, ಅವನು ಹೋದ ದಿನವೇ ಕಾನೂನಿನ ಲೆಕ್ಕದಲ್ಲಿ ಮುಗಿದುಹೋಯಿತು. ತಿಂಗಳ ಕಾರ್ಯ ಮುಗಿಯುವ ಮುಂಚೆಯೇ ಅವನ ಹೆಂಡತಿಯ ಮುಂದೆ ಕೂತು, ಬರಬೇಕಾದ ಫೀಸಿನಲ್ಲಿ ಅವರದೆಷ್ಟು, ಆಫೀಸಿನ ಅಡ್ವಾನ್ಸ್ ಯಾರದು, ಹಳೆ ಕ್ಲೈಂಟುಗಳಿಗೆ ಬೆಲೆ ಕಟ್ಟುವುದು ಹೇಗೆ ಅಂತ ಮಾತಾಡಬೇಕಾಯಿತು. ನಾನು ಕೊಟ್ಟದ್ದು ನ್ಯಾಯವಾಗಿಯೇ ಇತ್ತು ಅಂತ ಈಗಲೂ ನಂಬಿದ್ದೇನೆ. ಆದರೂ ಆ ಮನೆಯವರು ಆಮೇಲೆ ನಮ್ಮ ಮನೆಗೆ ಬರಲಿಲ್ಲ. ಎರಡು ಪುಟ ಬರೆದಿಟ್ಟುಕೊಂಡಿದ್ದರೆ ಆ ಸಂಬಂಧ ಉಳಿಯುತ್ತಿತ್ತು.

ಹಾಗಾಗಿ ನಾನು ಹೇಳುವುದು ಇಷ್ಟು. ಸದ್ಯಕ್ಕೆ ನಿನ್ನ ಒಬ್ಬಳ ಹೆಸರಲ್ಲೇ ಶುರು ಮಾಡು. ಕೆಪಿಎಂಇ, ಅಂದರೆ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ರಿಜಿಸ್ಟ್ರೇಷನ್ ಕೂಡ ಹಾಗೇ ಮಾಡಿಸು. ಗೆಳತಿಯರು ಅಲ್ಲೇ ಕೂತು ಅವರವರ ಪೇಷಂಟ್ ನೋಡಲಿ, ಫೀಸು ಅವರವರದು, ಬಾಡಿಗೆ, ಕರೆಂಟು, ಅಸಿಸ್ಟೆಂಟ್ ಸಂಬಳ ಮೂರು ಪಾಲು. ಖರ್ಚು ಹಂಚಿಕೊಳ್ಳುವುದು ಬೇರೆ, ಲಾಭ ಹಂಚಿಕೊಳ್ಳುವುದು ಬೇರೆ. ಆದರೆ ಒಂದೇ ಹೆಸರಿನ ಬೋರ್ಡು, ಒಂದೇ ರಶೀದಿ ಪುಸ್ತಕ ಇಟ್ಟುಕೊಂಡರೆ ನೋಡಿದವರಿಗೆ ಪಾಲುದಾರರೇ ಅನ್ನಿಸುತ್ತದೆ, ಹಾಗೆ ನಂಬಿ ವ್ಯವಹಾರ ಮಾಡಿದವರಿಗೆ ನೀವು ಹೊಣೆಯೂ ಆಗಬಹುದು. ಹೆಸರು ಮೂರು, ರಶೀದಿ ಮೂರು ಇರಲಿ.

ಎರಡು ವರ್ಷ ಜೊತೆಗೆ ಕೆಲಸ ಮಾಡಿದ ಮೇಲೆ ಮೂವರಿಗೂ ಬೇಕು ಅನ್ನಿಸಿದರೆ ಎಲ್‌ಎಲ್‌ಪಿ ಮಾಡೋಣ, ನಾನೇ ಕೂತು ಅಗ್ರಿಮೆಂಟ್ ಬರೆಯುತ್ತೇನೆ. ಒಬ್ಬಳು ಮದುವೆಯಾಗಿ ಬೇರೆ ಊರಿಗೆ ಹೋದರೆ, ಬಾಣಂತನಕ್ಕೆ ಆರು ತಿಂಗಳು ಬರದಿದ್ದರೆ ಅವಳ ಪಾಲು ಏನು, ಕ್ಲಿನಿಕ್ಕಿನ ಫೋನ್ ನಂಬರು, ಪೇಷಂಟ್ ರೆಕಾರ್ಡು ಯಾರ ಹತ್ತಿರ ಉಳಿಯುತ್ತದೆ, ಇವೆಲ್ಲ ಅದರಲ್ಲಿರುತ್ತದೆ. ಈಗ ಕೇಳಲು ಮುಜುಗರ ಅನ್ನಿಸುತ್ತೆ, ಆದರೂ ಕೇಳು.

ಇನ್ನೊಂದು. ನಿನ್ನ ಗೆಳತಿಯ ಗಂಡ ಹತ್ತು ಲಕ್ಷ ಹಾಕಿ ಪಾಲು ಕೇಳುತ್ತಿದ್ದಾನೆ ಅಂದೆಯಲ್ಲ, ಅದು ಬೇಡ. ಕಂಪನಿ ಹಲ್ಲಿನ ವೈದ್ಯವೃತ್ತಿ ನಡೆಸಬೇಕಾದರೆ ಡೈರೆಕ್ಟರುಗಳಲ್ಲಿ ಹೆಚ್ಚಿನವರು ದಂತವೈದ್ಯರೇ ಆಗಿರಬೇಕು ಅಂತ 1948ರ ದಂತವೈದ್ಯರ ಕಾಯ್ದೆಯಲ್ಲೇ ಇತ್ತು, ಸುಮ್ನೆ ಬರೆದಿದ್ದಲ್ಲ ಅದು. ದುಡ್ಡು ಹಾಕಿದವನಿಗೆ ತಿಂಗಳಿಗೆ ಎಷ್ಟು ಕ್ಯಾಪ್ ಹಾಕಿದೆ ಅನ್ನೋದೇ ಮುಖ್ಯ, ಆ ಹಲ್ಲಿಗೆ ಕ್ಯಾಪ್ ಬೇಕಿತ್ತೋ ಇಲ್ಲವೋ ನೋಡುವವಳು ನೀನು. ಅವನ ಹಣ ಬೇಕೇ ಬೇಕಾದರೆ ಬಡ್ಡಿ ಬರೆದು ಸಾಲವಾಗಿ ತೆಗೆದುಕೊಳ್ಳಿ.

ವಿಜಯನಗರದ ಮಳಿಗೆಯ ಬಾಡಿಗೆ ಕರಾರು ಇನ್ನೂ ಸಹಿಯಾಗಿಲ್ಲ ಅಲ್ವಾ? ಅಡ್ವಾನ್ಸ್ ಕೊಡುವ ಮುಂಚೆ ಎಲ್ಲ ಪುಟಗಳ ಫೋಟೋ ತೆಗೆದು ನನಗೆ ಕಳಿಸು. ಓನರ್ ಅದನ್ನು ಯಾರ ಹೆಸರಿಗೆ ಬರೆದಿದ್ದಾರೆ ಅಂತ ಮೊದಲು ನೋಡಬೇಕು.

ನಿನ್ನ ಮಾವ