ಹನ್ನೊಂದನೆಯ ನಿಮಿಷ

ಪ್ರೀತಿಯ ತಂಗಿ,

ಇಳಕಲ್ಲಿನ ನೇಕಾರರೊಂದಿಗೆ ನೀನು ಮಾಡಿದ ಸಂದರ್ಶನದ ಧ್ವನಿಮುದ್ರಿಕೆಯನ್ನು ಎರಡು ಸಲ ಕೇಳಿದೆ. "ನಿಮ್ಮ ಜೀವನದ ಮೌಲ್ಯಗಳೇನು?" ಎಂದು ಕೇಳಿದ್ದೀಯೆ. ಪ್ರಾಮಾಣಿಕತೆ, ದುಡಿಮೆ, ಹಿರಿಯರಲ್ಲಿ ಗೌರವ ಎಂದು ಅವರು ಹೇಳಿದ್ದಾರೆ. ಸುಳ್ಳೇನಲ್ಲ. ಆದರೆ ನೆರೆಮನೆಯಲ್ಲಿ ಕೇಳಿದ್ದರೂ ಅದೇ ಉತ್ತರ ಸಿಗುತ್ತಿತ್ತು. ಹಾಗೆ ಕೇಳಿದರೆ ಎಂಥವರೂ ಸಭೆಯ ಮುಂದೆ ನಿಂತವರಂತೆ ಮಾತನಾಡುತ್ತಾರೆ.

ಹನ್ನೊಂದನೆಯ ನಿಮಿಷಕ್ಕೆ ಹೋಗು. "ಮಗ ಪವರ್‌ಲೂಮ್ ಹಾಕೋಣ ಎಂದ. ನಾನು ಬೇಡ ಎಂದೆ" ಎಂದು ಹೇಳಿ ಅವರು ಸುಮ್ಮನಾಗುತ್ತಾರೆ. ನೀನು ತಕ್ಷಣ ಸರ್ಕಾರದ ಸಹಾಯಧನದ ಪ್ರಶ್ನೆಗೆ ಜಿಗಿದಿದ್ದೀಯೆ. ಕೇಳುತ್ತಿದ್ದ ನನ್ನ ಕರುಳು ಚುರುಕ್ ಎಂದಿತು. ನಿನಗೆ ಬೇಕಾದದ್ದೆಲ್ಲ ಆ ಮೌನದಲ್ಲಿತ್ತು. ಒಬ್ಬ ಮನುಷ್ಯ ಬರುವ ಲಾಭವನ್ನು ಬೇಡ ಎಂದ ಗಳಿಗೆ ಅದು.

ಮಾರುಕಟ್ಟೆ ಸಂಶೋಧಕರು ಬಳಸುವ 'ಲ್ಯಾಡರಿಂಗ್' ಎಂಬ ವಿಧಾನವಿದೆ. ರೆನಾಲ್ಡ್ಸ್ ಮತ್ತು ಗಟ್‌ಮನ್ 1988ರಲ್ಲಿ ಅದನ್ನು ವಿವರವಾಗಿ ಬರೆದರು. ವಸ್ತುವಿನ ಗುಣದಿಂದ ಆರಂಭಿಸಿ, "ಅದು ನಿಮಗೆ ಯಾಕೆ ಮುಖ್ಯ?" ಎಂದು ಮತ್ತೆ ಮತ್ತೆ ಕೇಳುತ್ತ, ಆ ಮನುಷ್ಯ ನೆಚ್ಚಿದ ಮೌಲ್ಯದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗುವುದು. ಕಲಿತಿರು, ಉಪಯೋಗಕ್ಕೆ ಬರುತ್ತದೆ. ಆದರೆ ಮಗ್ಗದ ಮುಂದೆ ಕೂತು ಮೂರು ಸಲ "ಯಾಕೆ" ಎಂದರೆ ವಕೀಲರ ಪಾಟೀಸವಾಲಾಗುತ್ತದೆ. ಹಿರಿಯರು ಸಮಜಾಯಿಷಿ ಕೊಡಲು ತೊಡಗುತ್ತಾರೆ. ಅದಕ್ಕೇ ನಾನು "ಅವತ್ತು ಏನಾಯಿತು?" ಎನ್ನುತ್ತೇನೆ.

ಬಹಳ ವರ್ಷಗಳ ಹಿಂದೆ ನಾನೂ ಅದೇ ಊರಿನಲ್ಲಿ ಒಬ್ಬರ ಕುಣಿಮಗ್ಗದ, ಅಂದರೆ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗದ, ಪಕ್ಕ ಕೂತಿದ್ದೆ. ಯಾಕೆ ನೇಯುತ್ತೀರಿ ಎಂದರೆ "ಹೊಟ್ಟೆಪಾಡು" ಎಂದಷ್ಟೇ ಉತ್ತರ. ಆಮೇಲೆ ಕೇಳಿದೆ: "ಕೊಳ್ಳುವವರ ಕಣ್ಣಿಗೆ ಬೀಳದಿದ್ದರೂ ನೀವು ಬಿಡದೆ ಮಾಡುವ ಕೆಲಸ ಯಾವುದು?" ಅವರು ಲಾಳಿಯನ್ನು ಪಕ್ಕಕ್ಕಿಟ್ಟು ಸೀರೆ ಮಗುಚಿ ತೋರಿಸಿದರು. ಒಡಲಿನ ಹಾಸನ್ನೂ, ಅಂದರೆ ಉದ್ದದ ಎಳೆಗಳನ್ನೂ, ಸೆರಗಿನ ಕೆಂಪು ರೇಷ್ಮೆಯ ಹಾಸನ್ನೂ ಕುಣಿಕೆಗೆ ಕುಣಿಕೆ ಸಿಕ್ಕಿಸಿ ಕೂಡಿಸುವ ತೋಪು ತೆನಿ. ಒಮ್ಮೆ ಅಲ್ಲಿ ಸಡಿಲು ಕಂಡು ಅರ್ಧ ದಿನದ ಕೆಲಸ ಬಿಚ್ಚಿದ್ದರಂತೆ. "ಬಿಟ್ಟಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು?" ಎಂದೆ. ಅವರು ಮಾತನಾಡಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಕೊನೆಗೆ ಮೂಲೆಯಲ್ಲಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದ ಅವರ ಹೆಂಡತಿ ಹೇಳಿದರು: ಅತ್ತೆ ತಮ್ಮ ಮದುವೆಗೆ ಉಟ್ಟದ್ದು ಬೇರೆಯವರಿಂದ ಕೇಳಿ ತಂದ ಸೀರೆ, ಧಾರೆಯ ಹೊತ್ತಿಗೆ ಸೆರಗು ಕಿತ್ತುಬಂದಿತ್ತು, ಮಗನಾದ ಇವರಿಗೆ ಅದನ್ನು ಸಾಯುವತನಕ ಹೇಳುತ್ತಿದ್ದರು. ನೇಕಾರರು ತಲೆ ಎತ್ತದೆ ಮತ್ತೆ ಲಾಳಿ ಹಿಡಿದರು.

ಇದನ್ನು ಬರೆಯಬಹುದೇ ಎಂದು ಇಬ್ಬರನ್ನೂ ಕೇಳಿದೆ. ಹೆಸರು ಬೇಡ, ಉಳಿದದ್ದು ಇರಲಿ ಎಂದರು. ಆ ಮಾತನ್ನು ಇಂದಿಗೂ ಕಾಯುತ್ತಿದ್ದೇನೆ. ನೀನೂ ಕೇಳದೆ ಬರೆಯಬೇಡ.

ಈಗ ಇನ್ನೊಮ್ಮೆ ಹೋಗು. ಪವರ್‌ಲೂಮಿನ ಮಾತು ಬಂದ ದಿನ ಮನೆಯಲ್ಲಿ ಯಾರ್ಯಾರಿದ್ದರು, ಮಗ ಏನೆಂದ, ಆ ರಾತ್ರಿ ಊಟ ಹೇಗಾಯಿತು ಎಂದು ಕೇಳು. ಮಗನ ಜೊತೆಗೂ ಬೇರೆಯಾಗಿ ಕೂತುಕೋ. ಅವನು ಯಂತ್ರ ಬಯಸಿದ್ದು ದುರಾಸೆಯಿಂದಲೇ ಎಂದು ಮೊದಲೇ ತೀರ್ಮಾನಿಸಬೇಡ, ಅಪ್ಪನ ಬೆನ್ನುನೋವು ನೋಡಿ ಕೇಳಿರಲೂಬಹುದು. ಮದುವೆಯ ಹಂಗಾಮು ಮುಗಿದ ಮೇಲೆ ಹೋದರೆ ಒಳ್ಳೆಯದು. ಆಗ ಅವರಿಗೂ ಕೈ ಬಿಡುವಾಗಿರುತ್ತದೆ.

ಇಂತಿ,
ನಿನ್ನ ಅಕ್ಕ