‘ನಿತ್ಯೋತ್ಸವ’ ನನಗೆ ಆಟಿ ತಿಂಗಳ ಹಾಡು

ಮಾನ್ಯರೇ,

ನವೆಂಬರ್ ಬಂದರೆ ಸಾಕು, ನಮ್ಮ ಸುರತ್ಕಲ್‌ನಲ್ಲಿ ರಿಕ್ಷಾ ಸ್ಟ್ಯಾಂಡಿನಿಂದ ಶಾಲೆ ಮೈದಾನದವರೆಗೆ ಎಲ್ಲಿ ನೋಡಿದರೂ ‘ನಿತ್ಯೋತ್ಸವ’. ಹಾಕಲಿ, ಬೇಡ ಅನ್ನುವುದಿಲ್ಲ. ಆದರೆ ನನಗದು ಯಾವತ್ತೂ ನವೆಂಬರಿನ ಹಾಡು ಅನಿಸಿಲ್ಲ, ಆಟಿ ತಿಂಗಳ ಹಾಡು ಅದು. ಆಟಿ ಅಂದರೆ ನಮ್ಮ ತುಳುವರ ಜೋರು ಮಳೆಯ ತಿಂಗಳು, ಜುಲೈ-ಆಗಸ್ಟ್ ಹೊತ್ತಿನದ್ದು.

ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ಆ ಕ್ಯಾಸೆಟ್ ಬಂದದ್ದು 1978ರಲ್ಲಿ. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಅಂತಾರೆ. ನಮ್ಮ ಮನೆಗೆ ಬರುವಾಗ ಎಂಟೊಂಬತ್ತು ವರ್ಷ ತಡವಾಗಿತ್ತು. ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ ಅಂತ ಅಮ್ಮ ಅದನ್ನು ಹಪ್ಪಳದ ಡಬ್ಬದಲ್ಲಿ ಇಡುತ್ತಿದ್ದರು, ಹಾಗಾಗಿ ಕ್ಯಾಸೆಟ್ಟಿಗೇ ಹಲಸಿನ ಹಪ್ಪಳದ ವಾಸನೆ! ಸಂಜೆ ಕರೆಂಟು ಹೋದರೆ ಸೆಲ್ ಹಾಕಿ ಕೇಳುವುದು. ಸೆಲ್ ಮುಗಿಯುತ್ತಾ ಬಂದ ಹಾಗೆ ಹಾಡುವವರ ದನಿ ನಿದ್ದೆಗಣ್ಣಿನಲ್ಲಿ ಹಾಡಿದಂತೆ ಎಳೆಯುತ್ತಿತ್ತು, ನಾವು ಬಿದ್ದು ಬಿದ್ದು ನಗುತ್ತಿದ್ದೆವು.

ಆ ಹಾಡಿನಲ್ಲಿ ಸಹ್ಯಾದ್ರಿಯ ಲೋಹದ ಅದಿರಿನ ಮಾತು ಬರುತ್ತದಲ್ವಾ? ನಿಸಾರ್ ಭೂವಿಜ್ಞಾನದ ಮೇಷ್ಟ್ರು, ಬೆಟ್ಟ ಕಂಡರೆ ಅದಿರು ನೆನಪಾಗದೆ ಇರುತ್ತದೆಯೇ. ಅಪ್ಪನಿಗೆ ಪಣಂಬೂರಿನಲ್ಲಿ ಕೆಲಸ. ಕುದುರೆಮುಖದ ಅದಿರು ಆಗ ನೀರಿನಲ್ಲಿ ಕಲಸಿ ಕೊಳವೆಯೊಳಗೆ ಘಟ್ಟ ಇಳಿದು ಅಲ್ಲಿಗೇ ಬರುತ್ತಿತ್ತು. ಆ ಸಾಲು ಬಂದಾಗಲೆಲ್ಲ ಅಪ್ಪ, “ಇದು ನಮ್ಮ ಪೈಪಿನದ್ದು ಮಾರಾಯ” ಅನ್ನುತ್ತಿದ್ದರು. ಪ್ರತಿ ಸಲವೂ. 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಅಪ್ಪನೂ ಈಗಿಲ್ಲ.

ಅದೇ ಸಾಲಿನ ಹತ್ತಿರ ಟೇಪು ಒಮ್ಮೆ ಸಿಕ್ಕಿಹಾಕಿಕೊಂಡು ಸುಕ್ಕಾಗಿತ್ತು, ಪೆನ್ಸಿಲ್ ಹಾಕಿ ಸುತ್ತಿ ಸರಿಮಾಡಿದರೂ ಅಲ್ಲಿಗೆ ಬಂದಾಗ ದನಿ ಒಂದು ಕ್ಷಣ ಮುಳುಗಿ ಏಳುತ್ತಿತ್ತು. ಈಗ ಮೊಬೈಲಿನಲ್ಲಿ ಹಾಡು ಕ್ಲೀನಾಗಿ ಕೇಳುತ್ತದೆ. ಆದರೂ ಆ ಜಾಗ ಬಂದಾಗ ಕಿವಿ ಸುಮ್ನೆ ಕಾಯುತ್ತದೆ.

ಮೊನ್ನೆ ಜೋರು ಮಳೆಯಲ್ಲಿ ಅದನ್ನು ಹಾಕಿದ್ದಕ್ಕೆ ಮಗಳು, “ಈಗೆಂತಕ್ಕೆ ರಾಜ್ಯೋತ್ಸವದ ಹಾಡು?” ಅಂದಳು. ಹಾಡು ಶುರುವಾಗುವುದೇ ಜೋಗದಿಂದ. ಜೋಗ ತುಂಬಿ ಬೀಳುವುದು ಯಾವಾಗ, ಮಳೆಗಾಲದಲ್ಲಿ ತಾನೇ? ನವೆಂಬರ್ ಹೊತ್ತಿಗೆ ನೀರು ಇಳಿದಿರುತ್ತದೆ. ಹಾಗಾಗಿ ನಮ್ಮ ರೇಡಿಯೊದವರಲ್ಲಿ ಒಂದು ಕೋರಿಕೆ. ಆಟಿಯಲ್ಲೊಂದು ಸಂಜೆ, ಬರೀ ಆ ಒಂದು ಹಾಡಲ್ಲ, ಇಡೀ ಕ್ಯಾಸೆಟ್ಟನ್ನು ಅದರ ಕ್ರಮದಲ್ಲೇ ಹಾಕಿ. ಹಪ್ಪಳ ನಾವು ಕಾಯಿಸಿಕೊಳ್ಳುತ್ತೇವೆ.

— ಓದುಗ, ಸುರತ್ಕಲ್, ಮಂಗಳೂರು